ತೋಳಿಗೆ ಕಟ್ಟಿದ ಅಕ್ಷರ

1799ರ ಮೇ 4ರ ರಾತ್ರಿ. ಶ್ರೀರಂಗಪಟ್ಟಣದ ಕೋಟೆ ಅದಾಗಲೇ ಬ್ರಿಟಿಷರ ವಶವಾಗಿತ್ತು. ಕೋಟೆ ಬಾಗಿಲೊಂದರ ಬಳಿ ಬಿದ್ದಿದ್ದ ಹೆಣಗಳ ರಾಶಿಯಲ್ಲಿ ದೀಪ ಹಿಡಿದು ಹುಡುಕುತ್ತಿದ್ದ ಅಧಿಕಾರಿಗಳಿಗೆ ಕೊನೆಗೂ ಟಿಪ್ಪು ಸುಲ್ತಾನನ ದೇಹ ಸಿಕ್ಕಿತು. ಮೈಮೇಲೆ ಒಡವೆ ಎಂಬುದೇನೂ ಇರಲಿಲ್ಲ. ಬಲದೋಳಿನಲ್ಲಿ ಒಂದು ತಾಯಿತ ಮಾತ್ರ ಇತ್ತು. ಹೂವಿನ ಚಿತ್ತಾರದ ರೇಷ್ಮೆ ಬಟ್ಟೆಯಲ್ಲಿ ಹೊಲಿದಿದ್ದ ಅದರೊಳಗೆ ಬೆಳ್ಳಿಯ ಬಣ್ಣದ ಲೋಹದ ತುಣುಕು, ಅರಬ್ಬಿ ಮತ್ತು ಪಾರಸಿ ಅಕ್ಷರಗಳಿದ್ದ ಕಾಗದಗಳು. ದೇಹ ಯಾರದೆಂಬ ಬಗ್ಗೆ ಸಂಶಯ ಉಳಿದಿದ್ದರೆ ಈ ತಾಯಿತವೇ ಅದನ್ನು ಬಗೆಹರಿಸುತ್ತಿತ್ತು ಎಂದು ಆ ಕಾಲದ ಬ್ರಿಟಿಷ್ ವರದಿ ಬರೆದಿಟ್ಟಿದೆ.

ಟಿಪ್ಪು ರಕ್ಷೆ ಬೇಡಿದ್ದು ಒಂದೇ ಕಡೆಯಿಂದಲ್ಲ. ಶೃಂಗೇರಿ ಮಠದ ಸ್ವಾಮಿಗಳಿಗೆ ಅವನು ಕನ್ನಡದಲ್ಲಿ ಬರೆಸಿದ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಶತ್ರುಗಳ ನಾಶಕ್ಕಾಗಿ ಶತಚಂಡಿ, ಸಹಸ್ರಚಂಡಿ ಜಪ ಮಾಡಿಸಬೇಕೆಂಬ ಕೋರಿಕೆ ಅವುಗಳಲ್ಲಿದೆ. ಕಷ್ಟ ಬಂದಾಗ ಕಾಯುವ ಶಕ್ತಿ ಯಾವ ದಿಕ್ಕಿನಿಂದ ಬಂದರೂ ಬರಲಿ ಎಂಬ ಈ ಮನೋಭಾವ ರಾಜನಿಗಷ್ಟೇ ಸೇರಿದ್ದಲ್ಲ. ಮಗುವಿಗೆ ಬಾಲಗ್ರಹವೆಂದೋ ದೃಷ್ಟಿಯಾಯಿತೆಂದೋ ಹೆದರಿ, ಗುಡಿಯಲ್ಲಿ ಮಂತ್ರಿಸಿದ ದಾರದ ಜೊತೆಗೆ ದರ್ಗಾದ ತಾಯಿತವನ್ನೂ ಕಟ್ಟಿಸುವ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದ್ದಾರೆ.

ರಕ್ಷೆ ಕಟ್ಟುವ ಪದ್ಧತಿ ಬರವಣಿಗೆಗಿಂತ ಹಳೆಯದು. ಅಥರ್ವವೇದದಲ್ಲಿ 'ಮಣಿ'ಗಳನ್ನು ಕುರಿತ ಸೂಕ್ತಗಳೇ ಇವೆ. ಅತ್ತಿಯ ಮರದ ಮಣಿ, ದರ್ಭೆಯ ಮಣಿ, ಸಮುದ್ರದಿಂದ ತಂದ ಶಂಖದ ಮಣಿ ಹೀಗೆ ಒಂದೊಂದಕ್ಕೂ ಒಂದೊಂದು ಮಂತ್ರ. ಆಯಸ್ಸು, ಬಲ, ಶತ್ರುಗಳಿಂದ ರಕ್ಷಣೆ ಇವೇ ಅಲ್ಲಿನ ಬೇಡಿಕೆಗಳು. ಆದರೆ ಈ ಮಣಿಗಳ ಮೇಲೆ ಏನನ್ನೂ ಬರೆಯುತ್ತಿರಲಿಲ್ಲ. ವೇದ ಬಾಯಿಂದ ಬಾಯಿಗೆ ಬಂದದ್ದು. ಮಂತ್ರವನ್ನು ಹೇಳಿ ಕಟ್ಟಿದರೆ ಸಾಕಿತ್ತು.

ಲಿಪಿ ಬಳಕೆಗೆ ಬಂದ ಮೇಲೆ ಮಂತ್ರ ಮಣಿಯ ಒಳಗೆ ಸೇರಿತು. ಹೇಳಿದ ಮಾತು ಗಾಳಿಯಲ್ಲಿ ಹೋಗುತ್ತದೆ, ಬರೆದದ್ದು ಮೈಮೇಲೆಯೇ ಉಳಿಯುತ್ತದೆ ಎಂಬ ನಂಬಿಕೆ ಇದರ ಹಿಂದೆ ಇರಬೇಕು. ಭೂರ್ಜಪತ್ರ, ತಾಳೆಗರಿ, ತಾಮ್ರದ ತಗಡು, ಕಾಗದ ಎಲ್ಲವೂ ಇದಕ್ಕೆ ಒದಗಿದವು. ಬರೆದು, ಸುತ್ತಿ, ಕೊಳವೆಗೆ ತೂರಿಸಿ ಬಾಯಿ ಮುಚ್ಚಿದರೆ ತಾಯಿತ ಸಿದ್ಧ. ಹಳ್ಳಿಯ ಮಾತಿನಲ್ಲಿ 'ಯಂತ್ರ'ವೇ 'ಅಂತ್ರ'ವಾಯಿತು. ಕನ್ನಡದ 'ತಾಯಿತ'ಕ್ಕೆ ತೀರಾ ಹತ್ತಿರವಾಗಿ ಕೇಳಿಸುವ 'ತಾವೀಜ್' ಎಂಬ ಅರಬ್ಬಿ ಶಬ್ದದ ಮೂಲ ಧಾತುವಿಗೆ ಆಶ್ರಯ ಕೋರುವುದು ಎಂದು ಅರ್ಥ.

ಮುಚ್ಚಿದ ಅಕ್ಷರವನ್ನು ಮೈಮೇಲೆ ಹೊತ್ತವರು ನಮ್ಮವರಷ್ಟೇ ಅಲ್ಲ. 1979ರಲ್ಲಿ ಜೆರುಸಲೆಮ್ ನಗರದ ಹೊರವಲಯದ ಸಮಾಧಿಯೊಂದರಲ್ಲಿ ಬೆಳ್ಳಿಯ ಎರಡು ಪುಟ್ಟ ಸುರುಳಿಗಳು ಸಿಕ್ಕಿದವು. ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಅವುಗಳನ್ನು ಒಡೆಯದಂತೆ ಬಿಚ್ಚಲು ತಜ್ಞರಿಗೆ ಸುಮಾರು ಮೂರು ವರ್ಷ ಬೇಕಾಯಿತು. ಬೈಬಲ್ಲಿನ ಅರಣ್ಯಕಾಂಡದಲ್ಲಿರುವ ಪುರೋಹಿತರ ಆಶೀರ್ವಚನ ಅವುಗಳಲ್ಲಿತ್ತು. ಸುಮಾರು 2600 ವರ್ಷ ಹಳೆಯದಾದ ಈ ಬರಹ, ಇದುವರೆಗೆ ಸಿಕ್ಕಿರುವ ಬೈಬಲ್ ಪಾಠಗಳಲ್ಲೇ ಅತ್ಯಂತ ಪುರಾತನವಾದದ್ದು.

ಇನ್ನೊಂದು ನಿದರ್ಶನ ಚೀನಾದ್ದು. 1944ರಲ್ಲಿ ಚೆಂಗ್ಡು ನಗರದಲ್ಲಿ ತಾಂಗ್ ವಂಶದ ಕಾಲದ ಸಮಾಧಿಯೊಂದನ್ನು ತೆರೆದಾಗ, ಅಸ್ಥಿಪಂಜರದ ತೋಳಿನಲ್ಲಿ ಬೆಳ್ಳಿಯ ಕಡಗವಿತ್ತು. ಅದರ ಟೊಳ್ಳಿನೊಳಗೆ ಮಡಚಿಟ್ಟಿದ್ದ ತೆಳು ಕಾಗದದಲ್ಲಿ ಬೋಧಿಸತ್ವನ ಚಿತ್ರ. ಅದರ ಸುತ್ತ ಸಂಸ್ಕೃತದ 'ಧಾರಣಿ' ಮಂತ್ರ. ಕೈಬರಹವಲ್ಲ, ಅಚ್ಚು ಹಾಕಿದ್ದು! ಅಂಚಿನಲ್ಲಿ ಚೀನೀ ಲಿಪಿಯಲ್ಲಿ ಅದನ್ನು ಮುದ್ರಿಸಿ ಮಾರಿದವರ ಹೆಸರು, ವಿಳಾಸವೂ ಇತ್ತು. ಚೀನಾದಲ್ಲಿ ಉಳಿದು ಬಂದಿರುವ ಅತಿ ಹಳೆಯ ಮುದ್ರಿತ ಹಾಳೆಗಳಲ್ಲಿ ಇದೂ ಒಂದು. ತಾಯಿತ ಅಂದೇ ಅಂಗಡಿಯ ಸರಕಾಗಿತ್ತು ಎಂಬುದು ಇದರಿಂದ ಸ್ಪಷ್ಟ. ಕಡಗ ತೊಟ್ಟ ವ್ಯಕ್ತಿಗೆ ಭಾರತದ ಆ ಅಕ್ಷರಗಳನ್ನು ಓದಲು ಬರುತ್ತಿತ್ತೋ ಇಲ್ಲವೋ, ಓದುವ ಅಗತ್ಯವಂತೂ ಇರಲಿಲ್ಲ.

ಅಕ್ಷರದಂತೆ ಅಂಕಿಗೂ ತಾಯಿತದಲ್ಲಿ ಜಾಗವಿದೆ. ಮೂರು ಸಾಲು, ಮೂರು ಕಂಬಗಳ ಮನೆಗಳಲ್ಲಿ 1ರಿಂದ 9ರವರೆಗಿನ ಅಂಕಿಗಳನ್ನು ತುಂಬಿ, ಅಡ್ಡ, ಉದ್ದ, ಓರೆ ಹೇಗೆ ಕೂಡಿದರೂ 15 ಬರುವಂತೆ ಮಾಡುವ ಚೌಕ ಇದಕ್ಕೆ ಪ್ರಸಿದ್ಧ ಉದಾಹರಣೆ. ನವಗ್ರಹ ಯಂತ್ರಗಳಲ್ಲಿ ಇದು ಸೂರ್ಯನದು. ಪ್ರತಿ ಮನೆಗೂ ಒಂದೊಂದು ಕೂಡಿಸಿದರೆ ಮೊತ್ತ 18 ಆಗಿ ಚಂದ್ರನ ಯಂತ್ರವಾಗುತ್ತದೆ. ಇದೇ ಚೌಕ ಅರಬ್ ಜಗತ್ತಿನ ತಾಯಿತಗಳಲ್ಲೂ ಇದೆ. ಅದರ ನಾಲ್ಕು ಮೂಲೆಗಳಲ್ಲಿ ಬರುವ 2, 4, 6, 8ಕ್ಕೆ ಸಲ್ಲುವ ಅರಬ್ಬಿ ಅಕ್ಷರಗಳನ್ನು ಕೂಡಿಸಿದರೆ 'ಬುದೂಹ್' ಎಂಬ ಪದವಾಗುತ್ತದೆ. ಅರ್ಥವಿಲ್ಲದ ಈ ಪದವನ್ನೇ ರಕ್ಷೆಯೆಂದು ನಂಬಿ ಬರೆಯುವ ರೂಢಿ ಅಲ್ಲಿತ್ತು. ಖಜುರಾಹೋದ ಪಾರ್ಶ್ವನಾಥ ಬಸದಿಯ ಕಲ್ಲಿನಲ್ಲಿ ಕೊರೆದಿರುವ 16 ಮನೆಗಳ ಚೌಕದಲ್ಲಿ ಸಾಲು ಸಾಲಿಗೂ ಮೊತ್ತ 34. ಹೀಗೆ ಲೆಕ್ಕ ಒಂದೇ ಬಗೆಯದು, ನಂಬಿದವರ ಧರ್ಮ ಬೇರೆ ಬೇರೆ.

ಧರ್ಮಗಳ ಒಳಗೂ ಈ ಬಗ್ಗೆ ಒಮ್ಮತವಿಲ್ಲ. ತಾಯಿತ ಕಟ್ಟುವುದು ದೇವರೊಬ್ಬನನ್ನೇ ನಂಬುವ ಧರ್ಮಕ್ಕೆ ಸಲ್ಲದು ಎಂದು ಇಸ್ಲಾಮಿನ ಅನೇಕ ವಿದ್ವಾಂಸರು ವಾದಿಸಿದ್ದಾರೆ. ಕುರ್‌ಆನ್ ವಚನಗಳಷ್ಟೇ ಇದ್ದರೆ ಅಡ್ಡಿಯಿಲ್ಲ ಎಂದವರೂ ಇದ್ದಾರೆ.

ನಂಬಿಕೆ ರೋಗದ ಮನೆಗೆ ಕಾಲಿಟ್ಟಾಗ ಮಾತ್ರ ಪ್ರಶ್ನೆ ಗಂಭೀರವಾಗುತ್ತದೆ. ಸ್ವತಂತ್ರ ಭಾರತ 1954ರಲ್ಲೇ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯ್ದೆ ಮಾಡಿತು. 'ಮಾಂತ್ರಿಕ ಪರಿಹಾರ' ಎಂಬುದರಲ್ಲಿ ತಾಯಿತ, ಮಂತ್ರ, ಕವಚಗಳನ್ನು ಅದು ಹೆಸರಿಸಿಯೇ ಸೇರಿಸಿದೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಜಾರಿಗೆ ಬಂದದ್ದು 2020ರಲ್ಲಿ. ನಾಯಿ, ಹಾವು, ಚೇಳು ಕಡಿದಾಗ ವೈದ್ಯರ ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ತಂತ್ರ, ದಾರಗಳಿಂದ ವಾಸಿ ಮಾಡಹೊರಡುವುದು ಅದರಂತೆ ಅಪರಾಧ. ಗಮನಿಸಬೇಕಾದ ಅಂಶವೆಂದರೆ, ಮೈಮೇಲೆ ತಾಯಿತ ಇರುವುದನ್ನು ಈ ಕಾಯ್ದೆಗಳು ಪ್ರಶ್ನಿಸುವುದಿಲ್ಲ. ಅದನ್ನು ಮದ್ದೆಂದು ಮಾರುವವನನ್ನು, ಆಸ್ಪತ್ರೆಯ ದಾರಿಗೆ ಅಡ್ಡ ನಿಲ್ಲುವವನನ್ನು ಪ್ರಶ್ನಿಸುತ್ತವೆ.

ಈ ವ್ಯತ್ಯಾಸ ಸಣ್ಣದಲ್ಲ. ಹಾವು ಕಚ್ಚಿದವನಿಗೆ ಪ್ರತಿವಿಷ ಸಿಗುವುದು ಒಂದೆರಡು ಗಂಟೆ ತಡವಾದರೆ ಜೀವವೇ ಹೋಗಬಹುದು. ದಾರ ಕಟ್ಟಿಸಿಕೊಂಡೂ ಆಸ್ಪತ್ರೆಗೆ ಓಡಿದವನು ಬದುಕುತ್ತಾನೆ. ದಾರವನ್ನೇ ನಂಬಿ ಕುಳಿತವನ ಮಾತು ಬೇರೆ.

ಶ್ರೀರಂಗಪಟ್ಟಣದ ಆ ರಾತ್ರಿಯೂ ಹೇಳುವುದು ಇದನ್ನೇ. ಟಿಪ್ಪು ತಾಯಿತ ಕಟ್ಟಿಕೊಂಡಿದ್ದ, ಆದರೆ ಅದನ್ನು ನಂಬಿ ಅರಮನೆಯಲ್ಲಿ ಕೂರಲಿಲ್ಲ; ಕೋಟೆ ಬಿರುಕುಬಿಟ್ಟ ಕಡೆಗೆ ಕತ್ತಿ ಹಿಡಿದೇ ಹೋದ. ಗುಂಡಿನಿಂದ ಅವನನ್ನು ಕಾಯಲಾಗದ ತಾಯಿತ, ಕೊನೆಗೆ ಶತ್ರುಗಳಿಗೆ ಅವನ ಗುರುತಿನ ಚೀಟಿಯಾಗಿ ಉಳಿಯಿತು.