ಗ್ನೋಮ್ ಕಲಿತ ಕಳೆಯುವ ವಿದ್ಯೆ

1997ರ ಆಗಸ್ಟ್ ತಿಂಗಳಿನಲ್ಲಿ ಮೆಕ್ಸಿಕೋ ದೇಶದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೋ ಮೆನಾ ಎಂಬ ಇಬ್ಬರು ತರುಣರು ಗ್ನೋಮ್ ಎಂಬ ಡೆಸ್ಕ್‌ಟಾಪ್‌ನ ನಿರ್ಮಾಣಕ್ಕೆ ಕೈಹಾಕಿದಾಗ ಅವರ ಮುಖ್ಯ ಚಿಂತೆ ಪರವಾನಗಿಯದಾಗಿತ್ತು. ಅದರ ಹಿಂದಿನ ವರ್ಷ ಜರ್ಮನಿಯಲ್ಲಿ ಮಥಿಯಾಸ್ ಎಟ್ರಿಶ್ ಆರಂಭಿಸಿದ್ದ ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್ ತಕ್ಕಮಟ್ಟಿಗೆ ಬೆಳೆದಿತ್ತಾದರೂ ಅದಕ್ಕೆ ಆಧಾರವಾಗಿದ್ದ ಕ್ಯೂಟಿ ತಂತ್ರಾಂಶ ಆಗ ಪೂರ್ಣ ಮುಕ್ತವಾಗಿರಲಿಲ್ಲ. ಬಳಸುವವನ ಸುಖದುಃಖಗಳ ವಿಚಾರ ಆ ದಿನಗಳಲ್ಲಿ ಗೌಣವೇ ಆಗಿತ್ತೆಂದರೆ ಅನ್ಯಾಯವಾಗಲಾರದು. ಏಕೆಂದರೆ ಬರೆಯುವವರೂ ಬಳಸುವವರೂ ಬಹುಮಟ್ಟಿಗೆ ಒಬ್ಬರೇ.

ಸಂಬಳವಿಲ್ಲದೆ ಸ್ವಸಂತೋಷದಿಂದ ದುಡಿಯುವವರ ಕೂಟದಲ್ಲಿ ಒಬ್ಬನ ಅಭಿರುಚಿಯನ್ನು ಮತ್ತೊಬ್ಬನು ತಳ್ಳಿಹಾಕುವುದು ಸುಲಭವಲ್ಲ. ಆದ್ದರಿಂದ ಭಿನ್ನಾಭಿಪ್ರಾಯ ತಲೆದೋರಿದಾಗಲೆಲ್ಲ ಎರಡು ಮತಗಳಿಗೂ ಎಡೆಕೊಡುವ ಒಂದು ಹೊಸ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಸೇರಿಸಿ ಸಮಾಧಾನ ಮಾಡಿಕೊಳ್ಳುವುದು ರೂಢಿಯಾಯಿತು. ಅವಿಭಕ್ತ ಕುಟುಂಬದ ಅಟ್ಟದಂತೆ, ಇಡುವವರೇ ಎಲ್ಲರೂ, ಇಳಿಸುವ ಅಧಿಕಾರ ಯಾರಿಗೂ ಇಲ್ಲ.

ಈ ಸ್ಥಿತಿಯನ್ನು ಕದಲಿಸಿದುದು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ. ತನ್ನ ಸೊಲಾರಿಸ್ ವ್ಯವಸ್ಥೆಯಲ್ಲಿ ಹಳೆಯ ಸಿಡಿಇ ಡೆಸ್ಕ್‌ಟಾಪಿನ ಸ್ಥಾನದಲ್ಲಿ ಗ್ನೋಮನ್ನು ಪ್ರತಿಷ್ಠಾಪಿಸಲು ಹೊರಟಿದ್ದ ಆ ಸಂಸ್ಥೆ 2001ರಲ್ಲಿ, ಗ್ನೋಮಿನ ಪರಿಚಯವಿಲ್ಲದ ಕೆಲವರನ್ನು ಗಣಕದ ಮುಂದೆ ಕೂರಿಸಿ, ಸಾಮಾನ್ಯವಾದ ಕೆಲಸಗಳನ್ನು ಒಪ್ಪಿಸಿ, ಅವರು ಎಲ್ಲೆಲ್ಲಿ ತಡವರಿಸುತ್ತಾರೆಂಬುದನ್ನು ಬರೆದಿಟ್ಟು ಪ್ರಕಟಿಸಿತು. ನಿರ್ಮಾತೃಗಳಿಗೆ ನಿತ್ಯವ್ಯವಹಾರವಾಗಿದ್ದ ಪರಿಭಾಷೆ ಅಪರಿಚಿತರಿಗೆ ಒಗಟಾಗಿತ್ತು. ವಾದಗಳಿಂದ ಬಗೆಹರಿಯದಿದ್ದ ಎಷ್ಟೋ ವಿಷಯಗಳು ಪರರ ತಡವರಿಕೆಯನ್ನು ಕಂಡ ಮೇಲೆ ವಾದಕ್ಕೇ ಉಳಿಯಲಿಲ್ಲ.

ಮರುವರ್ಷ ಹೊರಬಂದ ಗ್ನೋಮ್ 2.0 ಮತ್ತು ಅದರ ವಿನ್ಯಾಸಸೂತ್ರಗಳ ಗ್ರಂಥ ಈ ಅನುಭವದ ಫಲ. ಆ ಗ್ರಂಥದ ಸೂಕ್ಷ್ಮತೆಗೆ ಒಂದೇ ನಿದರ್ಶನ ಸಾಕು. ಉಳಿಸದ ಬರಹವನ್ನು ಮುಚ್ಚಹೊರಟವನಿಗೆ 'ಹೌದು', 'ಇಲ್ಲ' ಎಂಬ ಗುಂಡಿಗಳನ್ನು ತೋರಿಸಿದರೆ ಅವನು ಪ್ರಶ್ನೆಯನ್ನು ಮತ್ತೊಮ್ಮೆ ಓದಲೇಬೇಕು. ಅದರ ಬದಲು 'ಉಳಿಸು', 'ರದ್ದು', 'ಉಳಿಸದೆ ಮುಚ್ಚು' ಎಂದು ಗುಂಡಿಯ ಮೇಲೆಯೇ ಕ್ರಿಯೆಯನ್ನು ಬರೆಯಬೇಕೆಂದೂ, ಉಳಿಸದಿದ್ದಲ್ಲಿ ಕಳೆದ ಎಷ್ಟು ಹೊತ್ತಿನ ಕೆಲಸ ನಷ್ಟವಾಗುವುದೆಂಬುದನ್ನು ತಿಳಿಸಬೇಕೆಂದೂ ಅದು ವಿಧಿಸಿತು. ಅದೇ ವರ್ಷ ಗ್ನೋಮಿನ ನಿರ್ಮಾತೃಗಳಲ್ಲೊಬ್ಬನಾದ ಹ್ಯಾವಕ್ ಪೆನಿಂಗ್ಟನ್ ಬರೆದ ಪ್ರಬಂಧವೊಂದು, ಪ್ರತಿಯೊಂದು ಆಯ್ಕೆಗೂ ಬೆಲೆಯುಂಟೆಂದೂ ಆ ಬೆಲೆಯನ್ನು ತೆರುವವರು ಅದನ್ನು ಕೇಳಿದವರಷ್ಟೇ ಅಲ್ಲವೆಂದೂ ಪ್ರತಿಪಾದಿಸಿತು. ನನ್ನ ದೃಷ್ಟಿಯಲ್ಲಿ ಮುಕ್ತ ತಂತ್ರಾಂಶದ ಇತಿಹಾಸದಲ್ಲಿ ಇಷ್ಟು ಅಪ್ರಿಯವಾದ ಸತ್ಯವನ್ನು ಇಷ್ಟು ಸೌಮ್ಯವಾಗಿ ಹೇಳಿದ ಬರಹಗಳು ವಿರಳ.

ಆದರೆ ಹೀಗೆ ಆಯ್ಕೆಗಳನ್ನು ಕಳೆದು ಸರಳಗೊಳಿಸುವುದರ ರುಚಿ ಹತ್ತಿದವರಿಗೆ ನಿಲ್ಲಿಸುವ ಗಳಿಗೆ ತಿಳಿಯದು. 2004ರ 2.6ನೆಯ ಆವೃತ್ತಿಯಲ್ಲಿ ಪ್ರತಿಯೊಂದು ಫೋಲ್ಡರೂ ತನ್ನದೇ ವಿಂಡೋದಲ್ಲಿ ತೆರೆಯತೊಡಗಿ, ಆಳವಾದ ಕಡತವೊಂದನ್ನು ಅರಸಿ ಹೋದವನ ಪರದೆಯೆಲ್ಲ ವಿಂಡೋಗಳಿಂದ ತುಂಬಿತು. ತತ್ತ್ವತಃ ಸುಂದರವಾದ ಈ ಕಲ್ಪನೆಯನ್ನು ಕೈಬಿಡಲು 2010 ಬರಬೇಕಾಯಿತು. ಲಿನಕ್ಸ್‌ನ ಕರ್ತೃ ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿಯೇ ಗ್ನೋಮ್ ಜನರನ್ನು ಮೂರ್ಖರೆಂದು ಬಗೆಯುತ್ತದೆಂದು ಕಟುವಾಗಿ ನುಡಿದು, ಕೆಡಿಇಯನ್ನು ಬಳಸುವಂತೆ ಸಲಹೆಯಿತ್ತಿದ್ದನು.

2011ರ ಏಪ್ರಿಲ್ ಆರಂಭದಲ್ಲಿ ಗ್ನೋಮ್ ಏಷ್ಯಾ ಸಮ್ಮೇಳನ ನಮ್ಮ ಬೆಂಗಳೂರಿನಲ್ಲಿ ನೆರೆದಿತ್ತು. ಅದಾದ ಕೆಲವೇ ದಿನಗಳಲ್ಲಿ, 6ನೆಯ ತಾರೀಖಿನಂದು, ಗ್ನೋಮ್ 3.0 ಪ್ರಕಟವಾಯಿತು. ಅದರಲ್ಲಿ ವಿಂಡೋವನ್ನು ಕುಗ್ಗಿಸುವ ಗುಂಡಿ ಇರಲಿಲ್ಲ; ಗಣಕವನ್ನು ಆರಿಸಬೇಕೆಂದವನು ಮೆನುವಿನಲ್ಲಿ 'ಸಸ್ಪೆಂಡ್' ಒಂದನ್ನೇ ಕಂಡು ಬೆರಗಾಗುತ್ತಿದ್ದನು, ಏಕೆಂದರೆ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದಲ್ಲದೆ 'ಪವರ್ ಆಫ್' ಪ್ರತ್ಯಕ್ಷವಾಗುತ್ತಿರಲಿಲ್ಲ. ಹತ್ತು ವರ್ಷಗಳ ಹಿಂದೆ ಅಪರಿಚಿತರನ್ನು ಕೂರಿಸಿ ನೋಡಿದ್ದವರ ಪರಂಪರೆಯಲ್ಲಿ ಇದು ಹೇಗೆ ನುಸುಳಿತೆಂಬುದು ವಿಸ್ಮಯವೇ ಸರಿ. ಅಸಮಾಧಾನಗೊಂಡವರಲ್ಲಿ ಕೆಲವರು ಗ್ನೋಮ್ 2ನ್ನೇ ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಲಿನಕ್ಸ್ ವಿತರಣೆಗಳಲ್ಲೊಂದಾದ ಲಿನಕ್ಸ್ ಮಿಂಟ್‌ನವರು ಸಿನಮನ್ ಎಂಬ ತಮ್ಮದೇ ಡೆಸ್ಕ್‌ಟಾಪನ್ನು ಕಟ್ಟಿದರು. ಮುಂದೆ 'ಪವರ್ ಆಫ್' ಮೆನುವಿಗೆ ಮರಳಿತಾದರೂ ಕುಗ್ಗಿಸುವ ಗುಂಡಿ ಗ್ನೋಮಿನ ಮೂಲರೂಪಕ್ಕೆ ಮರಳಲಿಲ್ಲ. 2017ರಲ್ಲಿ ಮತ್ತೆ ಗ್ನೋಮನ್ನು ಅಂಗೀಕರಿಸಿದ ಉಬುಂಟು ಎಂಬ ಮತ್ತೊಂದು ವಿತರಣೆ ಆ ಗುಂಡಿಯನ್ನು ತಾನೇ ಕೂಡಿಸಿ ತನ್ನ ಬಳಕೆದಾರರಿಗೆ ಒಪ್ಪಿಸುತ್ತ ಬಂದಿದೆ.