ಹಲ್ಲಿನ ಕ್ಯಾಪ್‌ಗೂ ಕಲ್ಯಾಣದ ರಾಜನಿಗೂ ಏನು ನಂಟು?

ದವಡೆ ಹಲ್ಲು ಹುಳುಕಾಗಿ ಅರ್ಧ ಮುರಿದರೆ ನಮ್ಮ ಕಡೆ ಬಹಳಷ್ಟು ಮಂದಿ ‘ಕಿತ್ತು ಹಾಕ್ರಿ ಡಾಕ್ಟ್ರೇ’ ಅಂತಾರೆ. ಬೇರು ಗಟ್ಟಿ ಇದ್ದರೆ ಎಷ್ಟೋ ಸಲ ಕೀಳಬೇಕಾಗಿಲ್ಲ. ಬೇರಿನ ಚಿಕಿತ್ಸೆ ಮಾಡಿ, ಮೇಲೆ ಕ್ಯಾಪ್ ಕೂರಿಸಿ ಉಳಿಸಬಹುದು. ಈ ಕ್ಯಾಪಿನ ಕಥೆಯ ಒಂದು ಎಳೆ ನಮ್ಮ ಬೀದರ್ ಜಿಲ್ಲೆಯಲ್ಲೇ ಸಿಗುತ್ತದೆ.

ಹಲ್ಲಿಗೆ ಚಿನ್ನ ಸುತ್ತುವುದು ಹಳೆಯದು. ಇಟಲಿಯ ಎಟ್ರುಸ್ಕನ್ ಜನ 2,500 ವರ್ಷಗಳ ಹಿಂದೆಯೇ ಚಿನ್ನದ ಪಟ್ಟಿಯಿಂದ ಹಲ್ಲು ಬಿಗಿಯುತ್ತಿದ್ದರು. ಆದರೆ ಮುರಿದ ಹಲ್ಲಿನ ಮೇಲೆ ಅಳತೆಗೆ ಸರಿಯಾಗಿ ಕೂರುವ ಟೊಪ್ಪಿಗೆ ಮಾಡುವುದು ಸುಲಭವಲ್ಲ. ಸಂದು ಉಳಿದರೆ ಒಳಗಿನ ಹಲ್ಲು ಮತ್ತೆ ಹುಳುಕಾಗುತ್ತದೆ.

ಅಮೆರಿಕದ ಡೆಟ್ರಾಯಿಟ್‌ನ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ 1900ರ ಆಸುಪಾಸಿನಲ್ಲಿ ಪಿಂಗಾಣಿ ಕ್ಯಾಪ್ ಬಳಕೆಗೆ ತಂದರು. (1927ರಲ್ಲಿ ಒಬ್ಬರೇ ವಿಮಾನ ಹಾರಿಸಿ ಅಟ್ಲಾಂಟಿಕ್ ದಾಟಿದ ಲಿಂಡ್‌ಬರ್ಗ್ ಇವರ ಮಗಳ ಮಗ.) ನೋಡಲು ಹಲ್ಲಿನಂತೆಯೇ ಇತ್ತು, ಆದರೆ ಬೇಗ ಒಡೆಯುತ್ತಿತ್ತು.

1907ರಲ್ಲಿ ವಿಲಿಯಂ ಟ್ಯಾಗರ್ಟ್ ಎಂಬ ದಂತವೈದ್ಯರು ಹಲ್ಲಿನ ಕುಳಿಗೆ ಚಿನ್ನದ ತುಂಡು ಎರಕ ಹೊಯ್ಯುವ ವಿಧಾನ ತೋರಿಸಿದರು. ಮೊದಲು ಮೇಣದಲ್ಲಿ ಆಕಾರ ಮಾಡು, ಸುತ್ತ ಅಚ್ಚಿನ ಗಾರೆ ಮೆತ್ತು, ಕಾಯಿಸಿ ಮೇಣ ಕರಗಿಸು, ಖಾಲಿಯಾದ ಜಾಗಕ್ಕೆ ಕರಗಿದ ಚಿನ್ನ ನುಗ್ಗಿಸು. ಲೋಹದ ಕ್ಯಾಪ್‌ಗೂ ಇದೇ ದಾರಿಯಾಯಿತು.

ಮೂರ್ತಿ ಎರಕ ಹೊಯ್ಯುವವರಿಗೆ ಇದರಲ್ಲಿ ಹೊಸದೇನೂ ಕಾಣದು. 12ನೇ ಶತಮಾನದಲ್ಲಿ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಇದೇ ಕೆಲಸವನ್ನು ವಿವರಿಸಿದ್ದಾನೆ. ಮೇಣದ ಮೂರ್ತಿ, ಮೇಲೆ ಮಣ್ಣಿನ ಲೇಪ, ಬೆಂಕಿ, ಎರಕ. ಮೂರ್ತಿ ಚಿನ್ನದ್ದಾದರೆ ಮೇಣದ ತೂಕದ 16 ಪಟ್ಟು ಚಿನ್ನ ಬೇಕು ಎಂಬ ಲೆಕ್ಕವೂ ಅಲ್ಲಿದೆ. ಟ್ಯಾಗರ್ಟ್ ಇಲ್ಲಿಂದ ಕಲಿತರು ಅಂತ ನಾನು ಹೇಳುತ್ತಿಲ್ಲ. ಮೇಣದ ಎರಕ ಜಗತ್ತಿನ ಹಲವು ಕಡೆ ಹಳೆಯದೇ. ಅದನ್ನು ಬಾಯಿಯೊಳಗಿನ ಅಳತೆಗೆ ಇಳಿಸಿದ್ದೇ ಅವರ ಜಾಣತನ.

ಬೇರಿನ ಚಿಕಿತ್ಸೆ ಮುಗಿಸಿ, ನೋವು ಹೋಯಿತಲ್ಲ ಅಂತ ಕ್ಯಾಪ್ ಹಾಕಿಸದೆ ಬಿಡುವವರಿದ್ದಾರೆ. ಕೊರೆದು ಟೊಳ್ಳಾದ ದವಡೆ ಹಲ್ಲು ರೊಟ್ಟಿ, ಕಡಲೆ ಅಗಿಯುವಾಗ ಸೀಳಬಹುದು. ಸೀಳು ಬೇರಿನವರೆಗೆ ಇಳಿದರೆ ಆಮೇಲೆ ಕೀಳುವುದೊಂದೇ ದಾರಿ. ಕ್ಯಾಪ್ ಸುತ್ತಲೂ ಹಿಡಿದುಕೊಂಡು ಅದನ್ನು ತಡೆಯುತ್ತದೆ.

ಈಗ ಬಿಳಿ ಜಿರ್ಕೋನಿಯಾ ಕ್ಯಾಪನ್ನು ಕಂಪ್ಯೂಟರ್ ಯಂತ್ರ ಕೆತ್ತುತ್ತದೆ. ಲೋಹದ ಕ್ಯಾಪ್ ಮಾತ್ರ ಹಲವು ಲ್ಯಾಬ್‌ಗಳಲ್ಲಿ ಇವತ್ತಿಗೂ ಮೇಣದಿಂದಲೇ ಶುರುವಾಗುತ್ತದೆ.