ಸಂಶ್ಲೇಷಿತ ಹೈಡ್ರೋಜೆಲ್ ಮಾತೃಕೆ

ಸಂಶ್ಲೇಷಿತ ಹೈಡ್ರೋಜೆಲ್ ಮಾತೃಕೆ ಎಂದರೆ ದೇಹದಲ್ಲಿ ಜೀವಕೋಶಗಳನ್ನು ಸುತ್ತುವರಿದಿರುವ ಸಹಜ ಪರಿಸರವನ್ನು ಅನುಕರಿಸುವಂತೆ ಪ್ರಯೋಗಾಲಯದಲ್ಲಿ ತಯಾರಿಸಿದ, ನೀರನ್ನು ಹಿಡಿದಿಟ್ಟುಕೊಳ್ಳುವ ಪಾಲಿಮರ್ ಜಾಲ. ಇದರ ಸರಪಳಿಗಳು ಅಡ್ಡಬಂಧಗಳಿಂದ ಬೆಸೆದುಕೊಂಡಿರುವುದರಿಂದ ಜಾಲವು ನೀರಿನಲ್ಲಿ ಕರಗದೆ ಉಬ್ಬುತ್ತದೆ. ಜೀವಕೋಶಗಳನ್ನು ಮೂರು ಆಯಾಮಗಳಲ್ಲಿ ಬೆಳೆಸಲು ಮತ್ತು ಅಂಗಾಂಶಗಳ ಪುನರ್ನಿರ್ಮಾಣದ ಸಂಶೋಧನೆಯಲ್ಲಿ ಇದನ್ನು ಬಳಸಲಾಗುತ್ತದೆ.

ಹಿನ್ನೆಲೆ

ಅಂಗಾಂಶಗಳಲ್ಲಿ ಜೀವಕೋಶಗಳ ನಡುವಿನ ಜಾಗವನ್ನು ಕೋಶಬಾಹ್ಯ ಮಾತೃಕೆ ತುಂಬಿರುತ್ತದೆ. ಕೊಲಾಜನ್, ಫೈಬ್ರೊನೆಕ್ಟಿನ್, ಲ್ಯಾಮಿನಿನ್, ಹೈಯಲುರಾನಿಕ್ ಆಮ್ಲ ಇದರ ಮುಖ್ಯ ಘಟಕಗಳು. ಇದು ಕೇವಲ ಆಧಾರವಲ್ಲ. ಜೀವಕೋಶಗಳು ಇಂಟೆಗ್ರಿನ್ ಎಂಬ ಗ್ರಾಹಕಗಳ ಮೂಲಕ ಇದಕ್ಕೆ ಅಂಟಿಕೊಳ್ಳುತ್ತವೆ, ಇದನ್ನು ಎಳೆದು ಅದರ ಗಡಸುತನವನ್ನು ಗ್ರಹಿಸುತ್ತವೆ, ಕಿಣ್ವಗಳಿಂದ ಕತ್ತರಿಸಿ ಮತ್ತೆ ಕಟ್ಟುತ್ತವೆ. ಈ ಪರಿಸರ ತಪ್ಪಿದಾಗ ಅವುಗಳ ಸ್ವಭಾವವೇ ಬದಲಾಗಬಹುದು. ಉದಾಹರಣೆಗೆ, ಮೃದ್ವಸ್ಥಿಯ ಕೋಶಗಳನ್ನು ಸಮತಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಅವು ಕ್ರಮೇಣ ದುಂಡನೆಯ ಆಕಾರವನ್ನು ಕಳೆದುಕೊಂಡು, ಮೃದ್ವಸ್ಥಿಗೆ ವಿಶಿಷ್ಟವಾದ ಕೊಲಾಜನ್ನಿನ ಉತ್ಪಾದನೆಯನ್ನು ತಗ್ಗಿಸುತ್ತವೆ.

ಮೂರು ಆಯಾಮದ ಕೃಷಿಗೆ ವ್ಯಾಪಕವಾಗಿ ಬಳಕೆಯಲ್ಲಿರುವ ಮ್ಯಾಟ್ರಿಜೆಲ್ ಇಲಿಯ ಗಂತಿಯೊಂದರಿಂದ ಪಡೆದ ಮಿಶ್ರಣ. ಅದರಲ್ಲಿ ಅನೇಕ ಪ್ರೋಟೀನುಗಳಿದ್ದು, ಪ್ರತಿ ತಯಾರಿಕೆಯಲ್ಲೂ ಸಂಯೋಜನೆ ವ್ಯತ್ಯಾಸಗೊಳ್ಳುತ್ತದೆ. ಹೀಗಾಗಿ ಯಾವ ಪರಿಣಾಮಕ್ಕೆ ಯಾವ ಘಟಕ ಕಾರಣವೆಂದು ಹೇಳುವುದು ಕಷ್ಟ. ಗಂತಿಯ ಮೂಲದ ವಸ್ತುವಾದ್ದರಿಂದ ಮಾನವ ಚಿಕಿತ್ಸೆಗೂ ತಕ್ಕುದಲ್ಲ. ಪ್ರತಿಯೊಂದು ಘಟಕವೂ ತಿಳಿದಿರುವ ಸಂಶ್ಲೇಷಿತ ಜೆಲ್‌ಗಳ ಅಗತ್ಯ ಇಲ್ಲಿಂದ ಹುಟ್ಟುತ್ತದೆ.

ಇತಿಹಾಸ

1960ರಲ್ಲಿ ಚೆಕೊಸ್ಲೊವಾಕಿಯದ ಒಟ್ಟೊ ವಿಚ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ಜೈವಿಕ ಬಳಕೆಗೆ ಯೋಗ್ಯವಾದ ಹೈಡ್ರೋಜೆಲ್‌ಗಳನ್ನು ವರದಿ ಮಾಡಿದರು. ಮೃದು ಕಾಂಟ್ಯಾಕ್ಟ್ ಲೆನ್ಸ್‌ಗಳು ಈ ಕೆಲಸದ ಫಲ. 1984ರಲ್ಲಿ ಮೈಕೆಲ್ ಪಿಯರ್ಶ್‌ಬಾಕರ್ ಮತ್ತು ಎರ್ಕಿ ರುಯೊಸ್ಲಾಹ್ಟಿ, ಫೈಬ್ರೊನೆಕ್ಟಿನ್ನಿನ ಅಂಟುವ ಗುಣವನ್ನು ಅದರ ಚಿಕ್ಕ ತುಣುಕೊಂದರಿಂದಲೇ ಪಡೆಯಬಹುದೆಂದು ತೋರಿಸಿದರು. ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲಗಳ ಸರಣಿ ಆ ತುಣುಕಿನ ತಿರುಳು. 2003ರಲ್ಲಿ ಮಥಿಯಾಸ್ ಲುಟೋಲ್ಫ್, ಜೆಫ್ರಿ ಹಬೆಲ್ ಮತ್ತು ಸಹೋದ್ಯೋಗಿಗಳು ಜೀವಕೋಶಗಳೇ ಕತ್ತರಿಸಿ ಒಳನುಗ್ಗಬಲ್ಲ ಪಾಲಿಎಥಿಲೀನ್ ಗ್ಲೈಕಾಲ್ ಜೆಲ್ಲನ್ನು ಪ್ರಕಟಿಸಿದರು.

ವಿನ್ಯಾಸದ ಅಂಶಗಳು

ಅಂಟಿಕೆ: ಪಾಲಿಎಥಿಲೀನ್ ಗ್ಲೈಕಾಲ್‌ಗೆ ಪ್ರೋಟೀನುಗಳಾಗಲಿ ಜೀವಕೋಶಗಳಾಗಲಿ ಸುಲಭವಾಗಿ ಅಂಟುವುದಿಲ್ಲ. ಈ ನಿರ್ಲಿಪ್ತತೆಯೇ ಅದರ ಅನುಕೂಲ. ಅದಕ್ಕೆ ಜೋಡಿಸಿದ ಪೆಪ್ಟೈಡುಗಳ ಬಗೆ ಮತ್ತು ಪ್ರಮಾಣವೇ ಅಂಟಿಕೆಯನ್ನು ನಿರ್ಧರಿಸುತ್ತವೆ.

ವಿಘಟನೆ: ಜಾಲದ ರಂಧ್ರಗಳು ನ್ಯಾನೊಮೀಟರುಗಳಷ್ಟು, ಜೀವಕೋಶವಾದರೋ ಹಲವು ಮೈಕ್ರೊಮೀಟರುಗಳಷ್ಟು ದೊಡ್ಡದು. ದಾರಿ ಮಾಡಿಕೊಳ್ಳದೆ ಅದು ಚಲಿಸಲಾರದು. ಆದ್ದರಿಂದ ಜೀವಕೋಶಗಳು ಸ್ರವಿಸುವ ಪ್ರೋಟಿಯೇಸ್ ಕಿಣ್ವಗಳು ಕತ್ತರಿಸಬಲ್ಲ ಪೆಪ್ಟೈಡುಗಳನ್ನು ಅಡ್ಡಬಂಧಗಳಾಗಿ ಬಳಸುತ್ತಾರೆ.

ಗಡಸುತನ: 2006ರಲ್ಲಿ ಆಡಮ್ ಎಂಗ್ಲರ್, ಡೆನಿಸ್ ಡಿಷರ್ ಮತ್ತು ಸಹೋದ್ಯೋಗಿಗಳು ಮಾನವ ಕಾಂಡಕೋಶಗಳನ್ನು ಪಾಲಿಅಕ್ರಿಲಮೈಡ್ ಜೆಲ್‌ಗಳ ಮೇಲೆ ಬೆಳೆಸಿದರು. ಸುಮಾರು 0.1ರಿಂದ 1 ಕಿಲೋಪ್ಯಾಸ್ಕಲ್ ಗಡಸುತನದಲ್ಲಿ ನರಕೋಶದ, 8ರಿಂದ 17ರಲ್ಲಿ ಸ್ನಾಯುವಿನ, 25ರಿಂದ 40ರಲ್ಲಿ ಮೂಳೆಯ ಲಕ್ಷಣಗಳು ಕಂಡುಬಂದವು.

ಒತ್ತಡದ ಸಡಿಲಿಕೆ: ಸಹಜ ಅಂಗಾಂಶಗಳು ಎಳೆದಾಗ ಕಾಲಕ್ರಮೇಣ ಸಡಿಲಗೊಳ್ಳುತ್ತವೆ. ಶಾಶ್ವತ ಅಡ್ಡಬಂಧಗಳ ಜೆಲ್‌ಗಳು ಹೀಗೆ ವರ್ತಿಸುವುದಿಲ್ಲ. ಬಿಟ್ಟು ಮತ್ತೆ ಕೂಡುವ ಬಂಧಗಳಿಂದ ಈ ಗುಣವನ್ನು ತರಬಹುದು.

ಅನ್ವಯಗಳು

2016ರಲ್ಲಿ ಲುಟೋಲ್ಫ್ ತಂಡವು ಇಂಥ ಜೆಲ್‌ಗಳಲ್ಲಿ ಕರುಳಿನ ಕಾಂಡಕೋಶಗಳಿಂದ ಆರ್ಗನಾಯ್ಡ್ ಎಂಬ ಕಿರು ಅಂಗರಚನೆಗಳನ್ನು ಬೆಳೆಸಿತು. ಕಾಂಡಕೋಶಗಳ ವೃದ್ಧಿಗೆ ಗಡುಸಾದ ಮಾತೃಕೆಯೂ, ಅವು ವಿಭೇದನಗೊಂಡು ಆರ್ಗನಾಯ್ಡ್ ರೂಪುಗೊಳ್ಳಲು ಲ್ಯಾಮಿನಿನ್ ಇರುವ ಮೃದು ಮಾತೃಕೆಯೂ ಬೇಕೆಂದು ತಿಳಿದುಬಂತು. ಒಂದೇ ಸ್ಥಿರ ಜೆಲ್ ಎಲ್ಲ ಹಂತಗಳಿಗೂ ಸಾಲದೆಂಬುದನ್ನು ಇದು ಸೂಚಿಸುತ್ತದೆ.

ಮಿತಿಗಳು

ಜೆಲ್‌ನ ಗುಣಗಳು ಪರಸ್ಪರ ಹೆಣೆದುಕೊಂಡಿವೆ. ಅಡ್ಡಬಂಧಗಳನ್ನು ಹೆಚ್ಚಿಸಿದರೆ ಗಡಸುತನದ ಜೊತೆಗೆ ರಂಧ್ರಗಳೂ ಕಿರಿದಾಗಿ, ದೊಡ್ಡ ಅಣುಗಳ ಚಲನೆ ನಿಧಾನವಾಗುತ್ತದೆ. ರಕ್ತನಾಳಗಳಿಲ್ಲದ ದಪ್ಪ ಜೆಲ್‌ಗಳ ಒಳಭಾಗಕ್ಕೆ ಆಮ್ಲಜನಕ ಸಾಕಷ್ಟು ತಲುಪುವುದಿಲ್ಲ. ಜೆಲ್ ಗಟ್ಟಿಯಾಗುವ ರಾಸಾಯನಿಕ ಕ್ರಿಯೆ ಜೀವಕೋಶಗಳ ಸಮ್ಮುಖದಲ್ಲೇ ನಡೆಯುವುದರಿಂದ ಅದು ನಿರಪಾಯಕಾರಿಯಾಗಿರಬೇಕು. ಅಲ್ಲದೆ, ಕೆಲವೇ ಪೆಪ್ಟೈಡುಗಳುಳ್ಳ ಜೆಲ್ ಸಹಜ ಮಾತೃಕೆಯ ಸಂಕೀರ್ಣತೆಯ ಒಂದು ಅಂಶವನ್ನಷ್ಟೇ ಅನುಕರಿಸುತ್ತದೆ.